ಹಾಲು ಬಿಟ್ಟ ಮನೆ

೧೯೫೬ ಜೂನ್ ೧೧, ಸುರಪುರ

...ಗೆದ್ದಲು ಹತ್ತಿದ ತೊಲೆ ಎಂದರೋ, ಸುಣ್ಣ ಉದುರಿದ ಗೋಡೆ ಎಂದರೋ, ಈಗ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ಯಾದಗಿರಿಯ ದವಾಖಾನೆಯಿಂದ ಇಲ್ಲಿಯವರೆಗೆ ಮೋಟಾರಿನಲ್ಲಿ ಅದನ್ನೇ ತಿರುವಿ ಹಾಕುತ್ತ ಬಂದೆ. ಎರಡೂ ಅಂದಿರಬಹುದು. ಡಾಕ್ಟರಮ್ಮ ಬೇರೆ ಸೀಮೆಯವರು. ಒಂದು ಮಾತು ನಮಗೆ ತಿಳಿಯಲಿಲ್ಲ ಅನಿಸಿದರೆ ಇನ್ನೊಂದು ಹುಡುಕುತ್ತಾರೆ. ಅರ್ಥ ಇಷ್ಟು: ಅತ್ತೆಯ ಎಲುಬು ಹೊರಗಿನಿಂದ ಎಲುಬಿನಂತೆಯೇ ಇದೆ, ಒಳಗೆ ಟೊಳ್ಳಾಗಿದೆ.

ಹೋದ ಚಳಿಗಾಲದಲ್ಲಿ ಅಂಗಳದಲ್ಲಿ ಕೈಯೂರಿ ಬಿದ್ದು ಮಣಿಕಟ್ಟು ಮುರಿದಾಗ ನಾವು ಅಂಗಳವನ್ನು ದೂರಿದೆವು. ಈ ಸಲ ಬೀಳಲೇ ಇಲ್ಲ. ಜೋಳದ ಬುಟ್ಟಿ ಎತ್ತಲು ಬಗ್ಗಿದರು, ಬೆನ್ನಿನಲ್ಲಿ ಕಟ್ಟಿಗೆ ಮುರಿದಂಥ ಸದ್ದು ಬಂತಂತೆ. ನಾನು ಒಲೆಯ ಮುಂದೆ ಇದ್ದೆ. ನನಗೆ ಕೇಳಿಸಲಿಲ್ಲ.

ಕೆಲವು ವಾರ ಮಲಗಿರಬೇಕು. ಆಮೇಲೆ ನಿಧಾನವಾಗಿ ಓಡಾಡಬೇಕು, ಬೆಳಗಿನ ಬಿಸಿಲಿಗೆ ಕೂರಬೇಕು. ಸೊಪ್ಪು, ಎಳ್ಳು, ಎಲ್ಲಕ್ಕಿಂತ ಮುಖ್ಯ ಎರಡು ಹೊತ್ತು ಹಾಲು. ಗುಳಿಗೆ ಹೈದರಾಬಾದಿನಿಂದ ಬರಬೇಕು, ಬಂದಾಗ ಬಂತು. ಇನ್ನೊಮ್ಮೆ ಬಿದ್ದರೆ ತೊಡೆಯ ಮೇಲಿನ ಎಲುಬು ಮುರಿಯುತ್ತದೆ, ಈ ವಯಸ್ಸಿನಲ್ಲಿ ಅದು ಮುರಿದವರು ಏಳುವುದಿಲ್ಲ. ಇದನ್ನೂ ಅವರು ಸೊಪ್ಪಿನ ವಿಷಯ ಹೇಳಿದ ಧ್ವನಿಯಲ್ಲೇ ಹೇಳಿದರು.

"ಹಾಲು ಬಿಟ್ಟೀನ್ರಿ" ಅಂದರು ಅತ್ತೆ.

"ಯಾಕೆ, ಹೊಟ್ಟೆಗೆ ಆಗುವುದಿಲ್ಲವೇ?"

"ಹೊಟ್ಟಿಗಿ ಆಗ್ತದ್ರಿ. ದೇವರಿಗಿ ಆಗಂಗಿಲ್ಲ."

ಹೊರಡುವಾಗ ಡಾಕ್ಟರಮ್ಮ ನನ್ನ ವಯಸ್ಸು ಕೇಳಿದರು. ಮುಟ್ಟು ನಿಂತಿದೆಯೇ ಎಂದು ಕೇಳಿದರು. ಈ ವರ್ಷ ನಿಂತಿತು ಅಂದೆ. ಹಾಗಾದರೆ ನೀವೂ ಇವತ್ತಿನಿಂದಲೇ ಹಾಲು ಕುಡಿಯಿರಿ, ಎಲುಬು ಕರಗಲು ಶುರುವಾಗುವುದು ಈಗಲೇ, ನಿಮ್ಮತ್ತೆಯದೂ ಹೀಗೇ ಶುರುವಾಗಿರುತ್ತದೆ ಅಂದರು. ತಲೆಯಾಡಿಸಿದೆ.

ಜೂನ್ ೧೩

ಮೊನ್ನೆ ಹರಕೆಯ ವಿಷಯ ಡಾಕ್ಟರಮ್ಮನಿಗೆ ಹೇಳಬೇಕಾಯಿತು. ಹೇಳುವಾಗ ಅದು ಎಷ್ಟು ಚಿಕ್ಕದಾಗಿತ್ತು. ನನ್ನ ಗಂಡ ಅತ್ತೆಯ ಹಿರಿಯ ಮಗ. ನಿಜಾಮರ ಕೊನೆಯ ವರ್ಷದ ಗಲಭೆಯಲ್ಲಿ ಗಡಿ ದಾಟಿ ತಾಳಿಕೋಟೆ ಕಡೆಯ ಹೋರಾಟಗಾರರ ಶಿಬಿರಕ್ಕೆ ಹೋದರು. ಭಾರತದ ದಂಡು ಬಂದು, ನಿಜಾಮರ ಆಳ್ವಿಕೆ ಮುಗಿದು, ಹೋದವರೆಲ್ಲ ಊರಿಗೆ ಬಂದ ಮೇಲೂ ಬರಲಿಲ್ಲ. ಸೊಲ್ಲಾಪುರದಲ್ಲಿ ಕಂಡೆ ಎಂದವರಿದ್ದರು, ಗುಂಡು ತಾಗಿತು ಎಂದವರೂ ಇದ್ದರು. ಆ ವರ್ಷ ಅತ್ತೆ ಮೈಲಾಪುರದ ಮಲ್ಲಯ್ಯನ ಭಂಡಾರ ಮುಟ್ಟಿ, ಮಗ ಹೊಸ್ತಿಲು ತುಳಿಯುವವರೆಗೆ ಹಾಲು, ಹಾಲಿನಿಂದ ಆದದ್ದು ಯಾವುದೂ ಬಾಯಿಗೆ ಹಾಕುವುದಿಲ್ಲ ಎಂದು ಮಾತು ಕೊಟ್ಟರು.

ಭಂಡಾರ ಅಂದರೇನು ಎಂದು ಕೇಳಿದರು. ದೇವರ ಅರಿಷಿಣ ಅಂದೆ.

ಅತ್ತೆ ಕುರಿ ಸಾಕಿದ ಮನೆತನದಲ್ಲಿ ಹುಟ್ಟಿದವರು. ಬಿಡಲು ಅವರ ಬಳಿ ಹಾಲಿಗಿಂತ ದೊಡ್ಡದು ಏನೂ ಇರಲಿಲ್ಲ. ನಾನು ಏನು ಬಿಟ್ಟೆ ಎಂದು ಯಾರೂ ಕೇಳಲಿಲ್ಲ. ಆಗ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಓದಿಸುವವರು ಬೇಕಾಗಿದ್ದರು. ಅಪ್ಪ ಕಲಿಸಿದ ಅಕ್ಷರ ಇತ್ತು, ಸೇರಿಕೊಂಡೆ. ನಮ್ಮೂರು ರಾಮಸಮುದ್ರದ ಹೊಲ, ಕುರಿ ಎಲ್ಲವನ್ನೂ ಕಿರಿಯ ಮಗ ಅಯ್ಯಣ್ಣನಿಗೆ ಬಿಟ್ಟು ಅತ್ತೆ ನನ್ನ ಜೊತೆ ಸುರಪುರಕ್ಕೆ ಬಂದರು. ಯಾಕೆ ಬಂದರೆಂದು ನಾನು ಕೇಳಲಿಲ್ಲ.

ಕೈಬಳೆ ಹಾಕಿಕೊಂಡೇ ಇದ್ದೇನೆ. ಅದೊಂದು ಅಭ್ಯಾಸ. ಗಂಡ ಬದುಕಿಲ್ಲ ಎಂಬುದು ನನಗೆ ಗೊತ್ತಿದೆ. ಯಾವತ್ತು ಗೊತ್ತಾಯಿತು ಎಂಬುದು ನೆನಪಿಲ್ಲ. ಶಾಲೆಗೆ ನಡೆದು ಹೋಗುವಾಗ ಯಾವತ್ತೋ ಒಂದು ದಿನ ಇರಬೇಕು.

ಜೂನ್ ೨೬

ರೊಟ್ಟಿಗೆ ಹಚ್ಚಿಕೊಳ್ಳಲು ಎಳ್ಳು ಹುರಿದು ಹಿಂಡಿ ಕುಟ್ಟಿದೆ. ನುಗ್ಗೆ ಸೊಪ್ಪಿನ ಪಲ್ಲೆ. ಅತ್ತೆಗೆ ಹಲ್ಲಿಲ್ಲ; ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೆರಡು ತುತ್ತು ತಿನ್ನುತ್ತಾರೆ, ಅದೂ ನಾನು ಉಂಡ ಮೇಲೆ. ಮನೆಯಲ್ಲಿ ನಾವಿಬ್ಬರೇ. ಹಾಸಿಗೆಯಲ್ಲಿ ಮಲಗಿಕೊಂಡೂ ಕೊನೆಗೇ ಉಣ್ಣುತ್ತಾರೆ.

"ನೀ ಉಣ್ಣು, ಸಾಲಿಗಿ ಹೋಗಾಕಿ. ಉಳದದ್ದು ನನಗ."

"ಉಳದದ್ದು ಯಾಕ್ರಿ ಅತ್ತಿ? ಮೊದಲ ನಿಮ್ಮ ಪಾಲು ತಗದ ಇಡ್ತೀನಿ."

"ಪಾಲು ಗಂಡಸರಿಗಿ. ನಮಗ ಉಳದದ್ದು."

ಗಂಡಸರು ಯಾರೂ ಇಲ್ಲದ ಮನೆಯಲ್ಲಿ ಉಳಿಯುವುದು ಬಹಳ. ಅವರು ಅದನ್ನೂ ತಿನ್ನುವುದಿಲ್ಲ.

ಜುಲೈ ೫

ಮಕ್ಕಳಿಗೆ ಕುಡಿಸಲು ಶಾಲೆಗೆ ಹಾಲಿನ ಪುಡಿಯ ಡಬ್ಬಿಗಳು ಬಂದಿವೆ. ಒಂದರ ತಳ ಗಟ್ಟಿಯಾಗಿತ್ತು. ನಮ್ಮ ಹೆಡ್‌ಮಿಸ್ಟ್ರೆಸ್ ಸರ್ವರಬೇಗಂ ಅದನ್ನು ಕೆರೆದು ಕಾಗದದಲ್ಲಿ ಕಟ್ಟಿಕೊಟ್ಟರು.

"ಇದನ್ನ ಮಕ್ಕಳು ಕುಡಿಯಂಗಿಲ್ಲ. ನಿಮ್ಮ ಅತ್ತಿಗಿ ಕೊಡ್ರಿ ಶಿವಬಸಮ್ಮಬಾಯಿ. ಇದು ದೂಧ್ ಅಲ್ಲ, ಪೌಡರ್. ಕಸಂ, ಹರಕಿ, ಯಾವುದೂ ಮುರಿಯಂಗಿಲ್ಲ."

ಅತ್ತೆ ಪುಡಿಯನ್ನು ಬೆರಳಿನಲ್ಲಿ ಉಜ್ಜಿದರು, ಮೂಸಿದರು.

"ಯಾತರದಿದು?"

"ಹಾಲಿಂದು. ಪರದೇಶದಿಂದ ಬಂದದ್ರಿ."

"ಯಾವ ದನದ್ದು?"

"ಆಕಳದ್ದು ಇರಬೇಕು."

"ಆ ಆಕಳ ನೀ ಕಂಡೀಯೇನು?"

"ಇಲ್ರಿ."

"ಅದು ನಮ್ಮ ಮಲ್ಲಯ್ಯನ್ನ ಕಂಡದೇನು?"

"ಅದೆಲ್ಲಿ ಕಾಣ್ತದ್ರಿ."

ಅತ್ತೆ ಸೂರು ನೋಡುತ್ತ ಯೋಚಿಸಿದರು. ಒಪ್ಪುತ್ತಾರೆ ಅನಿಸಿತು.

"ನೀರು ಹಾಕಿದ್ರ ಏನಾಗ್ತದ?"

"ಹಾಲು ಆಗ್ತದ."

"ಹಂಗಾದ್ರ ಅದು ಹಾಲೇ ಬಿಡು. ಒಣಗಿದ್ರ ಹೆಸರು ಹೋಗ್ತದೇನು? ನಾನೂ ಒಣಗೀನಿ. ಇಕಿ ಹಣಮಮ್ಮ ಅಲ್ಲಂತೀಯೇನು?"

ಅಂದು ನಕ್ಕರು. ನಗು ಬೆನ್ನಿಗೆ ಹಿಡಿದು ಕಣ್ಣಲ್ಲಿ ನೀರು ಬಂತು. ಪುಡಿಯನ್ನು ನನ್ನ ಚಹಾಕ್ಕೆ ಹಾಕಿಕೊಂಡೆ. ಗಂಟು ಗಂಟಾಯಿತು.

ಜುಲೈ ೨೨

ಅತ್ತೆಯ ಬೆನ್ನಿಗೆ ಕಟ್ಟಲು ಉದ್ದನೆಯ ಬಟ್ಟೆ ಬೇಕಾಗಿತ್ತು. ಟ್ರಂಕಿನಲ್ಲಿ ಗಂಡನ ಧೋತರ ಇದ್ದವು. ಒಂದನ್ನು ನಡುವೆ ಸೀಳಿದೆ. ಹಳೆಯ ಬಟ್ಟೆ, ಸಲೀಸಾಗಿ ಹರಿಯಿತು. ಉಳಿದ ಚೂರುಗಳನ್ನು ಕೈ ಒರೆಸಲು ಇಟ್ಟುಕೊಂಡೆ.

ಆಗಸ್ಟ್ ೧೯

ಅಯ್ಯಣ್ಣ ಬಂದಿದ್ದ. ತಾಯಿಗೆ ಮೈಲಾಪುರದ ಭಂಡಾರ, ನನಗೆ ಒಂದು ಗಂಟು ಪುಂಡಿಪಲ್ಲೆ ಸೊಪ್ಪು ತಂದಿದ್ದ. ಪಡಸಾಲೆಯಲ್ಲಿ ಕೂತು ಬಹಳ ಹೊತ್ತು ಮಳೆಯ ಮಾತಾಡಿದ. ಆಮೇಲೆ ಗೋಡೆ ನೋಡುತ್ತ ಅಂದ:

"ವೈನಿ, ಒಂದು ಮಾತು. ಸಿಟ್ಟಿಗೇಳಬ್ಯಾಡ್ರಿ."

"ಹೇಳು."

"ಎಂಟು ವರ್ಷ ಆಯ್ತು. ಮಳಿ ಮುಗದ ಮ್ಯಾಲ ಅಣ್ಣಂದು ಮಾಡಿ ಮುಗಸೋಣು. ಜೋಳದ ಹಿಟ್ಟಿಲೆ ಮನುಷ್ಯಾನ್ನ ಮಾಡಿ ಮಣ್ಣು ಕೊಡ್ತಾರ, ನಮ್ಮ ಹಿರ್ಯಾರಿಗಿ ಗೊತ್ತದ. ಅದು ಆತಂದ್ರ ಹರಕಿ ತಾನ ಬಿಡ್ತದ."

ನಾನು ಪುಂಡಿಪಲ್ಲೆಯ ಗಂಟು ಬಿಚ್ಚಿದೆ.

"ಅವ್ವ ಹಾಲು ಕುಡೀಬೇಕಂದ್ರ ಅಣ್ಣ ಸಾಯಬೇಕು ವೈನಿ. ನನಗ ಬ್ಯಾರೆ ದಾರಿ ಕಾಣವಲ್ದು."

ಆಗಲಿ ಅಂದೆ.

ಅವನು ಈಗ ನನ್ನ ಕಡೆ ತಿರುಗಿದ. "ಇಷ್ಟು ಲಗೂನ ಹೂಂ ಅಂದ್ರ ಹೆಂಗ್ರಿ? ಒಂದೀಟು ಅಳ್ರಿ. ನಾ ದಾರಿ ತುಂಬ ಹೆಂಗ ಹೇಳಲಿ, ಹೆಂಗ ಹೇಳಲಿ ಅನಕೋತ ಬಂದೀನಿ." ತಮಾಷೆಗೆ ಅಂದನೋ ಏನೋ. ಅವನ ಕಣ್ಣು ಕೆಂಪಾಗಿದ್ದವು. ನಾನು ಚಹಾಕ್ಕೆ ನೀರಿಟ್ಟೆ.

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಅಯ್ಯಣ್ಣ, ಇಲ್ಲಿ ಬಾ. ನಾ ಮುದುಕಿ ಆಗೀನಿ, ಕಿವುಡಿ ಆಗಿಲ್ಲ."

ಅವನು ಹೋಗಿ ಹಾಸಿಗೆಯ ಬದಿಗೆ ಕೂತ.

"ಇಕಿ ಬಳಿ ಒಡದು ಕೈ ಬರಿದು ಮಾಡಿ, ಆ ಕೈಲೆ ಕೊಟ್ಟ ಹಾಲು ನಾ ಹೆಂಗ ನುಂಗಲೋ?"

"ಮತ್ತ ಸಾಯ್ತೀಯೇನವ್ವ?"

"ಸಾಯೋದು ನಂದು. ನಿನಗ್ಯಾಕ ಅವಸರ?"

ನಾನು ಚಹಾ ಸೋಸುತ್ತಿದ್ದೆ. ಅತ್ತೆ ಹಾಲು ಬಿಟ್ಟದ್ದು ಮಗನಿಗಾಗಿ ಎಂದುಕೊಂಡಿದ್ದೆ. ಇದು ಬೇರೆ ಮಾತು. ಆಮೇಲೆ ಯೋಚಿಸಬೇಕು ಎಂದುಕೊಂಡೆ, ಯೋಚಿಸಿಲ್ಲ.

ಮೋಟಾರಿನವರೆಗೆ ಅಯ್ಯಣ್ಣನ ಜೊತೆ ಹೋದೆ. ಅವನು ತಲೆಗೆ ರುಮಾಲು ಸುತ್ತಿಕೊಳ್ಳುತ್ತ ಅಂದ: "ಇನ್ನೊಂದು ರಿವಾಜ ಅದ. ಹೆಣ್ಣಿನ ಹರಕಿ ಅದೇ ಮನಿ ಹೆಣ್ಣು ಉಡಿಯಾಗ ತಗೋಬಹುದು. ಅಪ್ಪನ ಅವ್ವ, ನಮ್ಮ ಆಯಿ, ತನ್ನ ಅತ್ತೀದು ಹಂಗ ತಗೊಂಡಿದ್ಳಂತ. ಆದ್ರ ತಗೋಳಾಕಿ ನಂಬಿರಬೇಕು. ನಂಬದಾಕಿ ತಗೊಂಡ್ರ ಭಂಡಾರ ಮಣ್ಣ ಆಗ್ತದ." ರುಮಾಲಿನ ತುದಿ ಸಿಕ್ಕಿಸಿ, "ನಿಮಗ ಆಗಂಗಿಲ್ಲ ಬಿಡ್ರಿ" ಅಂದ. ದೂರಿ ಅಂದದ್ದಲ್ಲ. ನನ್ನನ್ನು ಅವನು ಬಹಳ ವರ್ಷದಿಂದ ನೋಡಿದ್ದಾನೆ.

ಆಗಸ್ಟ್ ೩೦

ಮಳೆ. ರಾಜಗಿರಿ ಸೊಪ್ಪು. ಬೇರೆ ಏನಿಲ್ಲ.

ಸೆಪ್ಟೆಂಬರ್ ೨೧

ಅತ್ತೆ ಎದ್ದು ಗೋಡೆ ಹಿಡಿದು ನಡೆದರು. ಬೆನ್ನು ಬಾಗಿಯೇ ನಿಂತಿದೆ. ದೀಪದ ಗೂಡಿಗೆ ಕೈ ಚಾಚಿದರು, ಎಟುಕಲಿಲ್ಲ. ಹೋದ ವರ್ಷ ಎಟುಕುತ್ತಿತ್ತು.

"ಗೂಡು ಮ್ಯಾಲ ಹೋಗ್ಯದ ನೋಡು" ಅಂದರು.

ದೀಪ ನಾನು ಹಚ್ಚಿದೆ.

ಅಕ್ಟೋಬರ್ ೧೭

ಶಾಲೆಯಿಂದ ಬಂದಾಗ ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಹಾಲಿನ ಬಸ್ಸಮ್ಮ, ತಂಬಿಗೆ ಕೆಳಗಿಟ್ಟು ಅವರ ತೋಳು ಹಿಡಿದುಕೊಂಡಿದ್ದಳು. ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿತ್ತು. ಬಸ್ಸಮ್ಮ ಆಗಷ್ಟೇ ಒಳಗೆ ಬಂದಿದ್ದಳು, ಹಿಡಿದುಕೊಂಡಳು.

"ನಾ ಇರಲಿಲ್ಲಂದ್ರ ಇವತ್ತಿಗಿ ಮುಗೀತಿತ್ತು ಬಾಯಾರ. ಎರಡು ಹೊತ್ತು ನಿಮ್ಮ ಮನಿಗಿ ಹಾಲು ತರ್ತೀನಿ. ಯಾರಿಗಿ, ಬೆಕ್ಕಿಗೇನು?"

"ನಾ ಚಹಾಕ್ಕ ಹಾಕ್ಕೋತೀನಿ."

"ನೆಟ್ಟಗ ನಡಿಯಾಕಿ ಕುಡೀತಾಳ, ಬಗ್ಗಿದಾಕಿ ನೋಡ್ಕೋತ ಕುಂದರ್ತಾಳ. ಚಲೋ ಅದ ನಿಮ್ಮ ಸಂಸಾರ."

"ನಿನ್ನ ಹಾಲು ನೋಡಿದ್ರನ ನೀರು ಕಾಣ್ತದ, ಕುಡದು ಏನು ಮಾಡಲಿ" ಅಂದರು ಅತ್ತೆ. ಆದರೆ ನನ್ನ ಸೆರಗು ಹಿಡಿದುಕೊಂಡಿದ್ದರು. ಅದುವರೆಗೆ ಅವರು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಎತ್ತಿ ಒಳಗೆ ತಂದೆ. ಏನೂ ಭಾರವಿಲ್ಲ. ಕೈಯಲ್ಲಿ ಒಂದು ಗಂಟು ಒಣ ಕಟ್ಟಿಗೆ ಇದ್ದಂತೆ.

ಆಮೇಲೆ ಚಹಾ ಮಾಡಿಕೊಂಡೆ. ಅರ್ಧ ಕುಡಿದ ಮೇಲೆ ನೋಡಿದರೆ ಹಾಲು ಹಾಕಿರಲಿಲ್ಲ. ಮರೆತದ್ದಿರಬೇಕು.

ಅಕ್ಟೋಬರ್ ೨೮, ರವಿವಾರ

ಮಲ್ಲಯ್ಯನ ವಾರ. ಅತ್ತೆಗೆ ನೀರೆರೆದು, ಬಿಸಿಲಿಗೆ ಕೂರಿಸಿ, ತಲೆ ಬಾಚುತ್ತ ಅಂದೆ.

"ಅತ್ತಿ, ಹರಕಿ ನನಗ ಕೊಡ್ರಿ."

ಅವರು ತಲೆ ತಿರುಗಿಸಲಿಲ್ಲ. "ಅಯ್ಯಣ್ಣ ಹೇಳ್ಯಾನೇನು?"

"ಹೂಂ ರಿ."

"ನನ್ನ ಮಗ ಅಂಬಣ್ಣ ಬರ್ತಾನಂತ ನಿನಗ ಅನಸ್ತದೇನು?"

"ಅನಸ್ತದ್ರಿ."

"ಒಮ್ಮಿನೂ ಅಂದಿಲ್ಲ ನೀ."

"ನೀವು ಕೇಳಿಲ್ಲ."

"ನೀ ಬಾಗಲಾ ನೋಡಿದ್ದು ನಾ ಕಂಡಿಲ್ಲ. ಅತ್ತಿದ್ದೂ ಕಂಡಿಲ್ಲ."

"ನೋಡಾಕ ನೀವು ಇದ್ರಲ್ಲ."

ಈ ಉತ್ತರ ಎಲ್ಲಿಂದ ಬಂತೋ. ಬಾಚಣಿಗೆ ಒಂದು ಸಿಕ್ಕಿನಲ್ಲಿ ನಿಂತಿತ್ತು, ಬಿಡಿಸಿದೆ.

"ಸುಳ್ಳು ಹೇಳಿ ಭಂಡಾರ ಹಿಡೀಬ್ಯಾಡ ಶಿವಬಸಮ್ಮ. ಅದು ನಮಗ ತಟ್ಟಂಗಿಲ್ಲ, ಅವನಿಗಿ ತಟ್ಟತದ."

"ಬರ್ತಾರ್ರಿ. ನನಗ ಗೊತ್ತದ."

ಸುಳ್ಳು ಹೇಳಿದೆ. ಬಾಚುತ್ತಲೇ ಇದ್ದೆ. ಇಲ್ಲದವರಿಗೆ ಏನು ತಟ್ಟೀತು.

ದೇವರ ಮುಂದೆ ಎದುರೆದುರು ಕೂತೆವು. ಬಗ್ಗಲಾರದೆ ಅತ್ತೆ ಮಣೆಯ ಮೇಲೆ ಕೂತರು, ನಾನು ನೆಲದ ಮೇಲೆ ಸೆರಗೊಡ್ಡಿದೆ. ಹಳದಿ ಪುಡಿ ಮುಷ್ಟಿಯಿಂದ ನನ್ನ ಉಡಿಗೆ ಬಿತ್ತು. "ನನ್ನ ಮಾತು ಇಕಿ ಮಾತು, ನನ್ನ ಬಾಯಿ ಇಕಿ ಬಾಯಿ" ಎಂದು ಅವರು ಅಂದರು. ಹೊಸ್ತಿಲು ತುಳಿಯುವವರೆಗೆ ಎಂದು ನಾನು ಅನ್ನಬೇಕಿತ್ತು, ಅಂದೆ. ಅತ್ತೆ ಎರಡೂ ಕೈ ಕೊಡವಿ, ಹಿಟ್ಟು ನಾದಿ ಮುಗಿಸಿದವರಂತೆ ಒಂದಕ್ಕೊಂದು ಉಜ್ಜಿಕೊಂಡರು.

ಸಂಜೆ ಹಾಲು ಕಾಯಿಸಿ ಬಟ್ಟಲಿನಲ್ಲಿ ಕೊಟ್ಟೆ. ಎರಡೂ ಕೈಯಿಂದ ಹಿಡಿದು ಮೂಸುತ್ತ ಕೂತರು. ಕೆನೆ ಕಟ್ಟಿತು. ಆಮೇಲೆ ಒಂದು ಗುಟುಕು.

"ಬಸ್ಸಮ್ಮ ನೀರು ಬೆರಸ್ಯಾಳ" ಅಂದರು. ಉಳಿದದ್ದನ್ನೂ ಕುಡಿದರು. ಬಟ್ಟಲ ಅಂಚನ್ನು ಬೆರಳಿನಿಂದ ಒರೆಸಿ ಅದನ್ನೂ ನೆಕ್ಕಿದರು, ಮಗುವಿನ ಹಾಗೆ.

ಸೀರೆಗೆ ಅರಿಷಿಣ ಹತ್ತಿದೆ. ತೊಳೆದರೆ ಹೋಗುತ್ತದೆ. ಇವತ್ತು ತೊಳೆಯಲಿಲ್ಲ.

ನವೆಂಬರ್ ೧

ಇವತ್ತಿನಿಂದ ನಾವು ಮೈಸೂರು ರಾಜ್ಯದವರು. ಶಾಲೆಯಲ್ಲಿ ಧ್ವಜ, ಹಾಡು, ಪೇಡೆ. ಸರ್ವರಬೇಗಂ ತಟ್ಟೆ ಹಿಡಿದುಕೊಂಡು ಬಂದರು.

"ನಿನ್ನಿ ತನಕ ಹೈದರಾಬಾದ, ಇವತ್ತು ಮೈಸೂರ. ಮನಿ ಅಲ್ಲೇ ಅದ, ಬಾಗಲಾ ತಿರುಗ್ಯದ. ತಗೋರಿ ಬಾಯಿ."

"ಬ್ಯಾಡ್ರಿ."

"ಯಾಕ್ರಿ, ಹೊಸ ಸರ್ಕಾರದ ಮ್ಯಾಲ ಸಿಟ್ಟೇನು?"

"ಹಾಲು ಬಿಟ್ಟೀನಿ."

ಅವರು ತಟ್ಟೆ ಹಿಡಿದುಕೊಂಡೇ ನಿಂತರು. "ನೀವಾ? ನಿಮಗ ಇದರಾಗೆಲ್ಲ ಯಕೀನ್, ನಂಬಿಕಿ ಅದ ಏನು?"

"ಮಾತು ಕೊಟ್ಟೀನ್ರಿ."

ಸರ್ವರಬೇಗಂ ಕಾಗದದಲ್ಲಿ ಪೇಡೆ ಸುತ್ತಿ ಅತ್ತೆಗೆಂದು ಕೊಟ್ಟರು. ಅತ್ತೆ ಬೊಚ್ಚುಬಾಯಲ್ಲಿ ಅದನ್ನು ಚೀಪುತ್ತ, ರಾಜ್ಯ ಬದಲಾದರೆ ಗಡಿ ಉಳಿಯುತ್ತದೆಯೇ ಎಂದು ಕೇಳಿದರು. ತಾಳಿಕೋಟೆಯ ಕಡೆ ಈಗ ಗಡಿ ಇಲ್ಲ ಅಂದೆ. ಹೇಳಿದ ಮೇಲೆ ಅದನ್ನು ಮತ್ತೆ ಯೋಚಿಸಿದೆ. ಈಗ ಗಡಿ ಇಲ್ಲ. ಬರುವವರನ್ನು ಯಾರೂ ತಡೆಯುವುದಿಲ್ಲ.

ನವೆಂಬರ್ ೧೮

ಅತ್ತೆಗೆ ನಿದ್ದೆ ಬರುತ್ತದೆ, ಮಧ್ಯಾಹ್ನವೂ. ಮೊಸರು ಕಲಸಿದ ರೊಟ್ಟಿ ಒಂದಿಡೀ ಉಣ್ಣುತ್ತಾರೆ. ಮಜ್ಜಿಗೆಗೆ ಉಪ್ಪು ಕಡಿಮೆಯಾಯಿತೆಂದು ಜಗಳ ತೆಗೆಯುತ್ತಾರೆ. ಈಗ ನಾನು ಕೊನೆಗೆ ಉಣ್ಣುತ್ತೇನೆ. ಹಾಲು ಮುಟ್ಟಿದ ಪಾತ್ರೆಯಲ್ಲಿ ನನ್ನದನ್ನು ಮಾಡುವಂತಿಲ್ಲ, ಅದಕ್ಕೆ.

ಡಿಸೆಂಬರ್ ೩

ಬಾಗಿಲ ಕೀಲು ಕಿರುಗುಟ್ಟುತ್ತಿತ್ತು. ಎಣ್ಣೆ ಬಿಟ್ಟೆ. ಈಗ ತೆರೆದರೆ ಸದ್ದೇ ಇಲ್ಲ. ಬಿಡಬಾರದಿತ್ತು. ಯಾರಾದರೂ ಬಂದರೆ ಒಳಗಿರುವವರಿಗೆ ಹೇಗೆ ಗೊತ್ತಾಗಬೇಕು.

ಡಿಸೆಂಬರ್ ೧೦

ಅತ್ತೆಯನ್ನು ಯಾದಗಿರಿಗೆ ಕರೆದೊಯ್ದೆ. ಬಾಗಿದ ಬೆನ್ನು ನೆಟ್ಟಗಾಗುವುದಿಲ್ಲ, ಆದರೆ ನೋವು ಇಳಿದಿದೆ, ಮೈಯಲ್ಲಿ ಶಕ್ತಿ ಬಂದಿದೆ, ಹೀಗೇ ನಡೆಯಲಿ ಅಂದರು ಡಾಕ್ಟರಮ್ಮ. ಹಾಲು ಹೇಗೆ ಶುರುವಾಯಿತೆಂದು ಕೇಳಲಿಲ್ಲ. ನನ್ನ ಕಡೆ ನೋಡಿ, "ನೀವು ಕುಡಿಯುತ್ತಿದ್ದೀರಾ?" ಅಂದರು. ಹೂಂ ಅಂದೆ. ಅತ್ತೆ ನನ್ನನ್ನು ನೋಡಿದರು.

ಬರುವಾಗ ಶಹಾಪುರದಲ್ಲಿ ಮೋಟಾರು ಬಹಳ ಹೊತ್ತು ನಿಂತಿತು. ಹತ್ತಿದವರ ಮುಖ ನೋಡುತ್ತ ಕೂತೆ. ಸುಮ್ಮನೆ. ಕಿಟಕಿಯ ಹೊರಗೆ ಒಬ್ಬರು ಬೆನ್ನು ಮಾಡಿ ನಿಂತಿದ್ದರು, ತಲೆ ನರೆತಿತ್ತು. ಅವರು ತಿರುಗುವ ಮೊದಲೇ ಮೋಟಾರು ಹೊರಟಿತು. ಕಂಡಕ್ಟರನಿಗೆ ಒಂದು ನಿಮಿಷ ನಿಲ್ಲಿಸು ಅಂದೆ. ಯಾಕ್ರಿ ಅಂದ. ಏನಿಲ್ಲ ಅಂದೆ.

ಡಿಸೆಂಬರ್ ೩೦, ರವಿವಾರ

ಅತ್ತೆ ಕೋಲು ಹಿಡಿದು ತಾವೇ ಓಣಿಯ ಕಟ್ಟೆಯವರೆಗೆ ಹೋಗಿ ಬಿಸಿಲಿಗೆ ಕೂತಿದ್ದರು. ಬಂದು ಕಾಲು ಚಾಚಿ ಅಂದರು: "ನನಗ ಹಗುರ ಆಗ್ಯದವ್ವ. ಇನ್ನ ಅವ ಬಂದ್ರ ನಿನ್ನ ಹರಕಿಗಿ ಬಂದಂಗ, ನಂದಲ್ಲ." ನಕ್ಕರು. ಹರಕೆ ಕೊಟ್ಟ ಮೇಲೆ ಅವರು ಮಗನ ಹೆಸರು ಎತ್ತಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಮರೆಯುತ್ತಿದ್ದಾರೆ ಎಂದಲ್ಲ. ಅವರ ಕೆಲಸ ಮುಗಿದಿದೆ.

ಕೊಡ ಎತ್ತುವಾಗ ಸೊಂಟದ ಹಿಂದೆ ಹಿಡಿದುಕೊಳ್ಳುತ್ತದೆ. ಚಳಿಗೆ ಇರಬೇಕು. ನಿಮಗೂ ಚಳಿಯಲ್ಲಿ ಮೊಣಕಾಲು ಹಿಡಿಯುತ್ತಿತ್ತು. ಈಗ ಹೆಚ್ಚಾಗಿರುತ್ತದೆ, ವಯಸ್ಸಾಯಿತಲ್ಲ. ನಿಮ್ಮ ಒಂದು ಧೋತರ ಹರಿದಿದ್ದೇನೆ. ಉಳಿದವನ್ನು ಒಗೆದು, ಬಿಸಿಲಿಗೆ ಹಾಕಿ, ಮಡಿಚಿಟ್ಟಿದ್ದೇನೆ.

ನಾಳೆಯಿಂದ ಅರ್ಧ ಸೇರು ಹೆಚ್ಚಿಗೆ ತಾ ಎಂದು ಬಸ್ಸಮ್ಮನಿಗೆ ಹೇಳಿದೆ. ಮುದುಕಿ ಇಷ್ಟು ಕುಡೀತಾಳೇನ್ರಿ, ಉಳದದ್ದು ಯಾರಿಗಿ ಅಂದಳು. ಬರುವವರು ಬರುತ್ತಾರೆ, ಮನೆಯಲ್ಲಿ ಹಾಲು ಇರಲಿ ಅಂದೆ. ಅವಳು ನನ್ನ ಮುಖ ನೋಡಿ, ಹೂಂ ಅಂದು ಹೋದಳು.

ನೀವಿರುವ ಊರಿನಲ್ಲಿ ಹಾಲು ಯಾರು ತಂದುಕೊಡುತ್ತಾರೆ?